ಕಾಳುದುಂಬಿಯ ಪರೀಕ್ಷೆಯಲ್ಲಿ ಮೊಟ್ಟೆಯ ಲೆಕ್ಕ: ನನ್ನ ಅನುಭವ

ಅಲಸಂದೆಯ 12 ತಳಿಗಳಲ್ಲಿ ಕಾಳುದುಂಬಿಗೆ ಮಣಿಯದವು ಯಾವುವೆಂದು ನೋಡಲು ಹೊರಟ ನನ್ನ ಮೊದಲ ಪರೀಕ್ಷೆ, ದುಂಬಿಗಳನ್ನು ಬಿಟ್ಟ 12ನೆಯ ದಿನವೇ ಕೆಟ್ಟಿತು. ಎರಡು ತಳಿಗಳ ಕಾಳುಗಳಿಂದ ಹೊಸ ದುಂಬಿಗಳು ಹೊರಬಂದಿದ್ದವು. 28ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿಯೂ ಈ ಕೀಟ ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಮೂರು ವಾರಗಳಾದರೂ ಬೇಕಾದ್ದರಿಂದ, ಅವು ನಾನು ಬಿಟ್ಟವುಗಳ ಸಂತಾನವಲ್ಲ, ಹೊಲದಿಂದಲೇ ಕಾಳಿನೊಳಗೆ ಕುಳಿತು ಬಂದವು ಎಂಬುದು ಸ್ಪಷ್ಟವಾಯಿತು. ಅಂದಿನಿಂದ ಎಲ್ಲ ಬೀಜವನ್ನೂ ಗಾಳಿಯಾಡದ ಚೀಲದಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟು, ಬಳಿಕ ಒಂದೇ ಕೋಣೆಯಲ್ಲಿ ತೇವಾಂಶ ಸಮವಾಗುವವರೆಗೆ ಬಿಡುತ್ತೇನೆ. ಹೆಚ್ಚು ಒಣಗಿದ ಬೀಜ ತನ್ನದಲ್ಲದ ನಿರೋಧಕತೆಯನ್ನು ತೋರಿಸಬಲ್ಲದು.

ಎರಡನೆಯ ಸಲ ಪ್ರತಿ ತಳಿಗೆ ನಾಲ್ಕು ಸೀಸೆ, ಪ್ರತಿ ಸೀಸೆಗೆ 50 ಕಾಳು, ಒಂದು ದಿನದೊಳಗೆ ಹೊರಬಂದ ಎರಡು ಜೋಡಿ ದುಂಬಿ ಎಂದು ಗೊತ್ತುಮಾಡಿಕೊಂಡೆ. ಹೆಣ್ಣಿನ ಹಿಂತುದಿಯ ಫಲಕದ ಎರಡೂ ಬದಿ ಕಪ್ಪಾಗಿರುವುದರಿಂದ ಗುರುತಿಸುವುದು ಕಷ್ಟವಲ್ಲ. 48 ಗಂಟೆಗಳ ನಂತರ ದುಂಬಿಗಳನ್ನು ತೆಗೆದೆ, ಏಕೆಂದರೆ ಒಂದೇ ಕಾಳಿನ ಮೇಲೆ ಮೊಟ್ಟೆಗಳು ಹೆಚ್ಚಾದರೆ ಒಳಗಿನ ಮರಿಹುಳುಗಳು ಪರಸ್ಪರ ಪೈಪೋಟಿಯಿಂದ ಸಾಯುತ್ತವೆ ಮತ್ತು ಆ ಸಾವನ್ನು ನಾವು ತಳಿಯ ಗುಣವೆಂದು ಬಗೆಯುವ ಅಪಾಯವಿದೆ.

ಒರಟು ಸಿಪ್ಪೆಯ ಒಂದು ತಳಿಯ ಮೇಲೆ ಮೊಟ್ಟೆಗಳು ತೀರ ಕಡಿಮೆ ಇದ್ದುದನ್ನು ಕಂಡು ನಾನು ಬೇಗನೆ ಹಿಗ್ಗಿದೆ. ಆದರೆ ಬೇರೆ ಜಾಗವಿಲ್ಲದಿದ್ದರೆ ಗಾಜಿನ ಮಣಿಯ ಮೇಲೂ ಮೊಟ್ಟೆ ಅಂಟಿಸುವ ಈ ಕೀಟದ ಇಷ್ಟಾನಿಷ್ಟವನ್ನು ಅಷ್ಟಾಗಿ ನಂಬುವಂತಿಲ್ಲ. ಮರಿಹುಳು ಹೊರಗೆ ಬಾರದೆ, ಮೊಟ್ಟೆಯ ತಳದಿಂದಲೇ ಸಿಪ್ಪೆಯನ್ನು ಕೊರೆದು ಒಳಹೊಕ್ಕು, ಪುಡಿಯನ್ನು ಹಿಂದಕ್ಕೆ ತುಂಬುತ್ತದೆ. ಆದ್ದರಿಂದ ಒಡೆದ ಮೊಟ್ಟೆ ಬೆಳ್ಳಗೆ, ಒಡೆಯದ್ದು ಪಾರದರ್ಶಕವಾಗಿ ಕಾಣುತ್ತದೆ. ಬೆಳ್ಳಗಾದ ಮೊಟ್ಟೆಗಳಲ್ಲಿ ಎಷ್ಟು ದುಂಬಿಯಾದವು ಎಂದು ಎಣಿಸಿದಾಗ, ಒರಟು ಸಿಪ್ಪೆಯ ತಳಿಯಲ್ಲಿ ಬಹುತೇಕ ಎಲ್ಲವೂ ಬದುಕಿದ್ದವು. ಮೈತುಂಬ ಮೊಟ್ಟೆ ಹೊತ್ತಿದ್ದ ನುಣುಪು ಸಿಪ್ಪೆಯ ಎರಡು ತಳಿಗಳಲ್ಲಿ ಮಾತ್ರ ಕೆಲವೇ ದುಂಬಿಗಳು, ಅದೂ ಇತರ ತಳಿಗಳಿಗಿಂತ ಒಂದು ವಾರಕ್ಕೂ ಹೆಚ್ಚು ತಡವಾಗಿ ಹೊರಬಂದವು. ನಿರೋಧಕ ತಳಿಯೆಂದು ಹೆಸರಾದ ಟಿವಿಯು 2027 ಕೂಡ ದುಂಬಿಯನ್ನು ಪೂರ್ತಿ ತಡೆಯುವುದಿಲ್ಲ, ಸಾವು ಹೆಚ್ಚಿಸಿ ಬೆಳವಣಿಗೆಯನ್ನು ನಿಧಾನಿಸುತ್ತದೆ.

ಹೊರಬಂದ ದುಂಬಿಗಳನ್ನು ಪ್ರತಿದಿನ ಎಣಿಸಿ ತೆಗೆಯಲೇಬೇಕು, ಇಲ್ಲವಾದರೆ ಅವೇ ಮತ್ತೆ ಮೊಟ್ಟೆಯಿಟ್ಟು ಲೆಕ್ಕ ಕಲಸಿಹೋಗುತ್ತದೆ. ಹೊರಬಂದ ದುಂಬಿಗಳ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ಮನ್ನು ಅರ್ಧದಷ್ಟು ಹೊರಬರಲು ಹಿಡಿದ ದಿನಗಳಿಂದ ಭಾಗಿಸಿ 100ರಿಂದ ಗುಣಿಸುವ ಸೂಚ್ಯಂಕವನ್ನೂ ಬರೆದಿಟ್ಟೆ. ಅದು ಕಡಿಮೆ ಬಂದಷ್ಟೂ ತಳಿ ಹೆಚ್ಚು ನಿರೋಧಕ ಎಂದರ್ಥ. ಆದರೆ ಮೊಟ್ಟೆ ಕಡಿಮೆ ಬಿದ್ದ ತಳಿಗೆ ಅದು ಅನರ್ಹ ಮೆಚ್ಚುಗೆ ಕೊಡುವುದರಿಂದ ಅದೊಂದನ್ನೇ ನೆಚ್ಚುವುದಿಲ್ಲ.

ರಂಧ್ರ ಕಾಣದ ಕಾಳುಗಳನ್ನು ಬ್ಲೇಡಿನಿಂದ ಸೀಳಿದಾಗ, ಆ ಎರಡು ತಳಿಗಳಲ್ಲಿ ಸಣ್ಣ ಮರಿಹುಳುಗಳು ಸಿಪ್ಪೆಯನ್ನು ದಾಟಿ ಬೇಳೆಯೊಳಗೆ ಸತ್ತು ಬಿದ್ದಿದ್ದವು. ತಡೆ ಇದ್ದದ್ದು ಸಿಪ್ಪೆಯಲ್ಲಲ್ಲ. ಮುಂದಿನ ಬೆಳೆಯ ಬೀಜದಲ್ಲಿ ಇದೇ ಪರೀಕ್ಷೆಯನ್ನು ಮರಳಿ ಮಾಡಿದಾಗ ಆ ಎರಡು ತಳಿಗಳಲ್ಲಿ ಒಂದು ಮಾತ್ರ ನಿರೋಧಕವಾಗಿ ಉಳಿದುಕೊಂಡಿತು.