ಗುಳೆ ಹೋದವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿಸಿಕೊಳ್ಳುವುದು ಹೇಗೆ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ರಾಯಚೂರು, ಕೊಪ್ಪಳದ ಕಡೆ ಮಳೆ ಕೈಕೊಟ್ಟಾಗ ಮೊದಲು ಮನೆಗೆ ಬೀಗ ಹಾಕುವವರು ಒಣಭೂಮಿಯ ಸಣ್ಣ ರೈತರು, ಕೂಲಿಗಳು. ಊರ ಕೆರೆಯ ಹೂಳು ತೆಗೆಯಬೇಕೋ ಬೇಡವೋ, ಎಲ್ಲಿ ಗಿಡ ನೆಡಬೇಕು ಎಂಬ ಮಾತು ಎದ್ದಾಗ ಇವರೇ ಊರಲ್ಲಿರುವುದಿಲ್ಲ. ಸಂವಿಧಾನದ 243ನೇ ವಿಧಿಯ ಪ್ರಕಾರ ಗ್ರಾಮಸಭೆ ಅಂದರೆ ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಸಭೆ. ಪಟ್ಟಿಯಿಂದ ಹೆಸರು ಹೋದರೆ ಕೆರೆಯ ಮೇಲಿನ ಹಕ್ಕಿನ ಮಾತೂ ಹೋಯಿತು ಅಂತಲೇ ಲೆಕ್ಕ. ಹವಾಮಾನದ ಕೆಲಸ ಮಾಡುವ ಯುವಕ ಸಂಘ, ರೈತ ಸಂಘ, ಸ್ವಸಹಾಯ ಗುಂಪುಗಳು ಸಸಿ ನೆಡುವುದಕ್ಕೂ ಮುಂಚೆ ಮತಪಟ್ಟಿ ಹಿಡಿದು ಕೂಡಬೇಕು ಎನ್ನುವುದು ಇದಕ್ಕೇ.

ಹೆಸರು ಹೋಗುವುದು ಹೇಗೆ ಎಂಬುದನ್ನು ಮೊದಲು ತಿಳಿಯಿರಿ. ವಾರ್ಷಿಕ ಪರಿಷ್ಕರಣೆಯ ಕರಡು ಪಟ್ಟಿ ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್ ಹೊತ್ತಿಗೆ ಬರುತ್ತದೆ. ದಸರಾ, ದೀಪಾವಳಿ ಮುಗಿಸಿ ಜನ ಬೆಂಗಳೂರು, ಗೋವಾ, ಪುಣೆ ಕಡೆ ಹೊರಡುವುದೂ ಆಗಲೇ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಮನೆಗೆ ಬೀಗ. ಪಕ್ಕದವರು ‘ಅವರು ಇಲ್ಲಿಲ್ರೀ’ ಅಂದರೆ ‘ಸ್ಥಳಾಂತರ’ ಎಂದು ಬಿದ್ದುಬಿಡುತ್ತದೆ. ಆದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಂ ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸಸ್ಥಳದ ಹಕ್ಕು ಹೋಗದು ಎನ್ನುತ್ತದೆ. ಪಕ್ಕದ ಮನೆಯವರಿಗೆ ‘ದುಡಿಯಲು ಹೋಗ್ಯಾರ, ತಿರುಗಿ ಬರ್ತಾರ’ ಎಂದು ಹೇಳಲು ತಿಳಿಸಿಡುವುದು ಅರ್ಧ ಕೆಲಸ. ಹೆಸರು ತೆಗೆಯುವ ಮುನ್ನ ನೋಟಿಸ್ ಕೊಟ್ಟು ಮಾತು ಕೇಳಬೇಕು. ಕೇಳದೆ ತೆಗೆದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಶಿಬಿರ ಹೂಡುವ ಕಾಲ ಸರಿಯಾಗಿರಲಿ. ಮೊಹರಂ, ಯುಗಾದಿ, ಕೊಪ್ಪಳದವರಾದರೆ ಜನವರಿಯ ಗವಿಮಠದ ಜಾತ್ರೆ: ಗುಳೆ ಹೋದವರು ಊರ ಮುಖ ನೋಡುವುದು ಈ ದಿನಗಳಲ್ಲಿ. ಆ ವಾರ ಮೊಹರಂನ ಬೆಂಕಿಗುಂಡಿಯಾದ ಅಲಾಯಿ ಕುಣಿಯ ಹತ್ತಿರವೋ ಗುಡಿಕಟ್ಟೆಯಲ್ಲೋ ಮೇಜು ಹಾಕಿ. ಭಾಗವಾರು ಪಟ್ಟಿಯನ್ನು ಚುನಾವಣಾ ಆಯೋಗದ ಜಾಲತಾಣದಿಂದ ತೆಗೆದು ಮುದ್ರಿಸಿಕೊಂಡು, ಓಣಿ ಹಿಡಿದು ಗಟ್ಟಿಯಾಗಿ ಓದಿ. ಫೋನಿನಲ್ಲಿ ಹುಡುಕಿದರೆ ಕಾಗುಣಿತದ ತಪ್ಪಿಗೇ ಅರ್ಧ ಹೆಸರು ಸಿಗುವುದಿಲ್ಲ. ದ್ಯಾವಮ್ಮ ‘ದೇವಮ್ಮ’ ಆಗಿರುತ್ತಾಳೆ, ಕಿವಿಗೆ ಬಿದ್ದರೆ ತಕ್ಷಣ ಗೊತ್ತಾಗುತ್ತದೆ.

ಹೊಸದಾಗಿ ಸೇರಲು ನಮೂನೆ-6. ಫೋಟೊ, ವಯಸ್ಸಿಗೆ ಒಂದು ದಾಖಲೆ, ವಿಳಾಸಕ್ಕೆ ಒಂದು ದಾಖಲೆ ಬೇಕು. ವಿಳಾಸಕ್ಕೆ ಪಾಸ್‌ಬುಕ್ಕು, ಪಹಣಿ ನಡೆಯುತ್ತವೆ. 17 ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ನೇ ತಾರೀಖುಗಳಲ್ಲಿ 18 ಆಗಿದೆಯೇ ಎಂದು ನೋಡುತ್ತಾರೆ. ಸಂಬಂಧಿಕರ ಹೆಸರಿನ ಕಡೆ ತಂದೆಯೇ ಬೇಕೆಂದಿಲ್ಲ, ತಾಯಿಯ ಹೆಸರು ಬರೆದರೆ ಸಾಕು. ಮಾಜಿ ದೇವದಾಸಿಯರ ಮಕ್ಕಳು ಈ ಒಂದು ಕಾಲಂ ನೋಡಿಯೇ ಅರ್ಜಿ ಮಡಚಿಟ್ಟುಬಿಡುತ್ತಾರೆ, ಆದ್ದರಿಂದ ಕೇಳುವ ಮೊದಲೇ ಹೇಳಿ.

ಮದುವೆಯಾಗಿ ಬಂದ ಸೊಸೆಯರಿಗೆ ನಮೂನೆ-6 ತುಂಬಿಸಬೇಡಿ. ತವರಲ್ಲಿ ಹೆಸರಿದ್ದರೆ ನಮೂನೆ-8ರಲ್ಲಿ ವಿಳಾಸ ಬದಲಿಸಬೇಕು. ಎರಡು ಕಡೆ ಹೆಸರಿದ್ದರೆ ಕಾನೂನಿಗೆ ವಿರುದ್ಧ, ಮೇಲಾಗಿ ಪಟ್ಟಿಯ ಶುದ್ಧೀಕರಣದಲ್ಲಿ ಕೆಲವೊಮ್ಮೆ ಬೇಕಾದ ಹೆಸರೇ ಹಾರಿಹೋಗುತ್ತದೆ. ಹೆಸರು ತಿದ್ದುವುದು, ಕಳೆದ ಕಾರ್ಡು, ಅಂಗವಿಕಲರೆಂದು ಗುರುತು ಹಾಕಿಸುವುದು ಎಲ್ಲಕ್ಕೂ ಇದೇ ನಮೂನೆ-8. ಅರ್ಜಿ ಕೊಟ್ಟಾಗ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ಇಲ್ಲದ ಅರ್ಜಿಯ ಬೆನ್ನು ಹತ್ತಲಾಗದು. ತಕರಾರಿಗೆ 1950ಕ್ಕೆ ಫೋನ್ ಮಾಡಿ. ಚುನಾವಣೆ ಘೋಷಣೆಯಾದ ಮೇಲೆ ನಾಮಪತ್ರದ ಕೊನೆಯ ದಿನ ದಾಟಿದರೆ ಪಟ್ಟಿ ಮುಟ್ಟುವಂತಿಲ್ಲ. ಅದಕ್ಕೆ ಕನಿಷ್ಠ 10 ದಿನ ಮೊದಲೇ ಅರ್ಜಿ ಒಳಗಿರಬೇಕು.

ಮತದಾನದ ದಿನದ ತೊಡಕು ಬೇರೆ. 2024ರ ಲೋಕಸಭೆಗೆ ಬೆಂಗಳೂರಿನಲ್ಲಿ ಏಪ್ರಿಲ್ 26, ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಮೇ 7. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ರಜೆ ಇದ್ದ ದಿನ ಒಂದು, ಊರಿನ ಮತದಾನ ಇನ್ನೊಂದು. 1951ರ ಕಾಯ್ದೆಯ 135ಬಿ ಕಲಂ ದಿನಗೂಲಿಯವರಿಗೂ ವೇತನ ಸಹಿತ ರಜೆ ಕೊಡಬೇಕೆನ್ನುತ್ತದೆ. ತನ್ನ ಕ್ಷೇತ್ರದ ಮತದಾನದ ದಿನಕ್ಕೆ ಅದನ್ನು ಕೇಳಬೇಕು. ಮೇಸ್ತ್ರಿಗೆ ಮತದಾರರ ಗುರುತಿನ ಚೀಟಿ ತೋರಿಸಿ ವಾರ ಮೊದಲೇ ಹೇಳಿಡಿ, ಏಕೆಂದರೆ ರಾತ್ರಿ ಬಸ್ಸಿನ ಹೋಗಿಬರುವಿಕೆಗೆ ಒಂದು ರಜೆ ಸಾಲದು. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಗಂಡಸರು ಟಿಕೆಟ್ ತಾವೇ ಕೊಳ್ಳಲಿ. ಅಭ್ಯರ್ಥಿ ಕಡೆಯವರ ಗಾಡಿ ಹತ್ತಬಾರದು. ಅವರು ಮತದಾರರನ್ನು ಬಾಡಿಗೆ ವಾಹನದಲ್ಲಿ ಪುಕ್ಕಟೆ ಕರೆತರುವುದು ಅದೇ 1951ರ ಕಾಯ್ದೆಯ 123ನೇ ಕಲಂ ಪ್ರಕಾರ ಭ್ರಷ್ಟಾಚಾರ.

ಮೇ ಬಿಸಿಲಲ್ಲಿ ಮಧ್ಯಾಹ್ನದ ಸರತಿಯಲ್ಲಿ ನಿಲ್ಲುವುದು ಮುದುಕರಿಗೆ ಆಗದು. ಬೆಳಿಗ್ಗೆ 7ಕ್ಕೇ ಹೊರಡಿಸಿ. ಮತಗಟ್ಟೆಯಲ್ಲಿ ನೆರಳು, ಕುಡಿಯುವ ನೀರು, ಇಳಿಜಾರು ಇರಬೇಕಾದದ್ದು ನಿಯಮ, ಹಿಂದಿನ ದಿನವೇ ಹೋಗಿ ನೋಡಿ. 85 ದಾಟಿದವರು, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಲು ಅಧಿಸೂಚನೆಯಾದ 5 ದಿನದೊಳಗೆ ನಮೂನೆ-12ಡಿ ಕೊಡಬೇಕು. ಕಾರ್ಡು ಕಳೆದಿದ್ದರೆ ಆಧಾರ್, ಉದ್ಯೋಗ ಖಾತರಿ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್ಕು ಆಗುತ್ತವೆ. ಬಿಎಲ್‌ಒ ಮನೆಗೆ ಕೊಡುವ ಮತದಾರರ ಮಾಹಿತಿ ಚೀಟಿಯೊಂದನ್ನೇ ಹಿಡಿದು ಹೋದರೆ ಹಿಂದೆ ಕಳಿಸುತ್ತಾರೆ.

ಶಕ್ತಿನಗರ, ಯರಮರಸ್, ಕುಡತಿನಿಯ ಕಲ್ಲಿದ್ದಲು ಸ್ಥಾವರಗಳ ಮಾತು ವಿಧಾನಸೌಧದಲ್ಲಿ ತೀರ್ಮಾನವಾಗುತ್ತದೆ, ಕೆರೆಯದು ಊರಲ್ಲೇ. ಗ್ರಾಮಸಭೆಗೆ ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ (ಕನಿಷ್ಠ ಹಾಜರಿ) ಬೇಕು. ಸಭೆ ಸೇರದೆ ನಡಾವಳಿ ಪುಸ್ತಕವೇ ಮನೆಬಾಗಿಲಿಗೆ ಬಂದರೆ ಹೆಬ್ಬೆಟ್ಟು ಒತ್ತಬೇಡಿ. ಸಭೆ ಆದಾಗ ‘ಕೆರೆ ಅಭಿವೃದ್ಧಿ’ ಎಂದು ಗಾಳಿಯಲ್ಲಿ ಬರೆಸದೆ ಸರ್ವೆ ನಂಬರು, ಹೂಳೆತ್ತುವ ಜಾಗ, ಹೂಳು ಯಾರ ಹೊಲಕ್ಕೆ ಎಂಬುದನ್ನೂ ಠರಾವಿನಲ್ಲಿ ಬರೆಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿಯ ನಕಲು ಪಡೆದು ಮುಂದಿನ ಸಭೆಗೆ ಅದನ್ನೇ ಹಿಡಿದುಕೊಂಡು ಹೋಗಿ.