ಕಾರಿನ ಬಿಡಿಭಾಗ: ಕಂಪನಿಯದೇ ಬೇಕೆ, ಹೊರಗಿನದು ಸಾಕೆ?

ಮುಂಬೈಯಲ್ಲಿ ಮಳೆಗಾಲ ಮುಗಿಯುತ್ತ ಬಂದಂತೆ ಗ್ಯಾರೇಜುಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ನಾಲ್ಕು ತಿಂಗಳು ಗುಂಡಿಗಳಲ್ಲಿ ಎದ್ದುಬಿದ್ದು ಓಡಿದ ಗಾಡಿಯ ಸಸ್ಪೆನ್ಷನ್ನಿನ (ಕುಲುಕಾಟ ತಡೆಯುವ ವ್ಯವಸ್ಥೆಯ) ಲಿಂಕ್ ರಾಡು, ಬುಷ್‌ಗಳು ಗಡಗಡ ಎನ್ನುತ್ತಿರುತ್ತವೆ. ನಿಂತ ನೀರಿನಲ್ಲಿ ಹಾದುಬಂದ ಬ್ರೇಕುಗಳು ಕಿರುಗುಟ್ಟುತ್ತಿರುತ್ತವೆ. ನವರಾತ್ರಿಗೋ ದೀಪಾವಳಿಗೋ 66ನೇ ಹೆದ್ದಾರಿ ಹಿಡಿದು ಉಡುಪಿಯ ಕಡೆಗೆ, ಇಲ್ಲವೇ ಪುಣೆ, ಕೊಲ್ಹಾಪುರದ ಮೇಲೆ ಬೆಳಗಾವಿಯ ಕಡೆಗೆ ಹೊರಡಬೇಕಾದವರಿಗೆ ಅದಕ್ಕೆ ಮೊದಲೇ ಗಾಡಿ ಸರಿಯಾಗಬೇಕು. ಆಗ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಕೇಳುವ ಪ್ರಶ್ನೆ ಒಂದೇ: 'ಕಂಪನಿ ಕಾ ಡಾಲೂ ಯಾ ಬಾಹರ್ ಕಾ?' (ಕಾರು ಕಂಪನಿಯದೇ ಭಾಗ ಹಾಕಲೇ, ಹೊರಗಿನದೇ?)

ಬಹಳಷ್ಟು ಜನ ಈ ಪ್ರಶ್ನೆಗೆ ಸ್ವಭಾವಕ್ಕೆ ತಕ್ಕಂತೆ ಉತ್ತರಿಸುತ್ತಾರೆ. ಹೆದರುವವರು ಎಲ್ಲವೂ ಕಂಪನಿಯದೇ ಇರಲಿ ಎನ್ನುತ್ತಾರೆ, ಕೈ ಬಿಗಿ ಇರುವವರು ಎಲ್ಲವೂ ಹೊರಗಿನದೇ ಸಾಕು ಎನ್ನುತ್ತಾರೆ. ಇಡೀ ಗಾಡಿಗೆ ಒಂದೇ ಉತ್ತರ ಕೊಡುವುದೇ ತಪ್ಪು. ಒಂದೊಂದು ಭಾಗಕ್ಕೂ ಅದನ್ನು ತಯಾರಿಸಿದವರು ಯಾರು, ಅದು ಕೈಕೊಟ್ಟರೆ ಆಗುವುದೇನು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡು ನಿರ್ಧರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಭಾಗದ ಸಂಖ್ಯೆ ಹುಡುಕಿ

ಬೆಲೆ ವಿಚಾರಿಸುವ ಮೊದಲು ನಿಮಗೆ ಬೇಕಾದ ಭಾಗದ ಪಾರ್ಟ್ ನಂಬರ್ ಗೊತ್ತಿರಬೇಕು. ಒಂದೇ ಹೆಸರಿನ ಕಾರಿನಲ್ಲಿ ತಯಾರಾದ ತಿಂಗಳು, ಎಂಜಿನ್, ಮಾದರಿಯ ದರ್ಜೆ ಬದಲಾದರೆ ಬ್ರೇಕ್ ಪ್ಯಾಡಿನ ಆಕಾರವೂ ಬದಲಾಗಿರಬಹುದು. ಆರ್‌ಸಿಯಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿ ಸಂಖ್ಯೆಯನ್ನು ಕೊಟ್ಟರೆ ಕಂಪನಿಯ ಅಧಿಕೃತ ಬಿಡಿಭಾಗ ಮಾರಾಟಗಾರರು ತಮ್ಮ ಕ್ಯಾಟಲಾಗಿನಲ್ಲಿ ನೋಡಿ ಸರಿಯಾದ ಸಂಖ್ಯೆಯನ್ನೂ ಅದರ ಎಂಆರ್‌ಪಿಯನ್ನೂ ಹೇಳುತ್ತಾರೆ. ಹಳೆಯ ಸಂಖ್ಯೆಯ ಬದಲು ಹೊಸ ಸಂಖ್ಯೆ ಬಂದಿದೆಯೇ ಎಂದೂ ಕೇಳಿಕೊಳ್ಳಬೇಕು. ಈ ಸಂಖ್ಯೆ ಕೈಯಲ್ಲಿದ್ದರೆ ಹೊರಗಿನ ತಯಾರಕರ ಕ್ಯಾಟಲಾಗಿನಲ್ಲಿ ಅದಕ್ಕೆ ಸಮನಾದದ್ದು ಯಾವುದು ಎಂದು ಹುಡುಕುವುದು ಸುಲಭ. ಇಲ್ಲದಿದ್ದರೆ 'ಇದೂ ಕೂರುತ್ತದೆ ಸಾಹೇಬ್ರೇ' ಎಂಬ ಮಾತನ್ನು ನಂಬಬೇಕಾಗುತ್ತದೆ.

ಪೆಟ್ಟಿಗೆಯ ಹಿಂದೆ ಯಾರಿದ್ದಾರೆ ಎಂದು ತಿಳಿಯಿರಿ

ಕಾರು ಕಂಪನಿಗಳು ತಮ್ಮ ಗಾಡಿಯ ಎಲ್ಲ ಭಾಗಗಳನ್ನೂ ತಾವೇ ತಯಾರಿಸುವುದಿಲ್ಲ. ಎಂಜಿನ್ ಮತ್ತು ಬಾಡಿಯಂಥವನ್ನು ಬಿಟ್ಟರೆ ಉಳಿದದ್ದರಲ್ಲಿ ಬಹುಪಾಲು ಪೂರೈಕೆದಾರರಿಂದ ಬರುತ್ತದೆ. ಶಾಕ್ ಅಬ್ಸಾರ್ಬರ್‌ಗೆ ಗ್ಯಾಬ್ರಿಯಲ್, ದೀಪಗಳಿಗೆ ಲುಮ್ಯಾಕ್ಸ್, ಎಸಿಗೆ ಸುಬ್ರೋಸ್, ಬ್ರೇಕ್ ಲೈನಿಂಗಿಗೆ ರಾಣೆ, ಇಂಧನ ವ್ಯವಸ್ಥೆಗೆ ಬಾಷ್, ಕ್ಲಚ್ಚಿಗೆ ವ್ಯಾಲಿಯೋ: ಇವೆಲ್ಲ ಕಾರು ಕಾರ್ಖಾನೆಗಳಿಗೆ ಮಾಲು ಒದಗಿಸುವ ಹೆಸರುಗಳೇ. ಇವರು ತಮ್ಮದೇ ಪೆಟ್ಟಿಗೆಯಲ್ಲೂ ಭಾಗಗಳನ್ನು ಮಾರುಕಟ್ಟೆಗೆ ಬಿಡುತ್ತಾರೆ. ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬರುವುದು ಮೊದಲ ಬಗೆಯಾದರೆ ಇದು ಎರಡನೆಯದು; ಅಂಗಡಿಯವರು ಇದನ್ನೇ 'ಓಇಎಂ ಮಾಲು' ಎನ್ನುತ್ತಾರೆ. ಕಾರು ಕಂಪನಿಯ ಮುದ್ರೆ ಇಲ್ಲದಿರುವುದರಿಂದ ಅದರ ಬೆಲೆ ಸಾಮಾನ್ಯವಾಗಿ ಕಡಿಮೆ.

ಹಾಗೆಂದು ಪೂರೈಕೆದಾರರ ಪೆಟ್ಟಿಗೆಯಲ್ಲಿರುವುದು ಯಾವಾಗಲೂ ಕಾರ್ಖಾನೆಯಲ್ಲಿ ಹಾಕಿದ ಅದೇ ಭಾಗವಾಗಿರುತ್ತದೆ ಎನ್ನಲಾಗದು. ನಿಮ್ಮ ಗಾಡಿಗೆ ಮೊದಲು ಆ ಭಾಗ ಯಾರಿಂದ ಬಂದಿತ್ತು ಎಂಬುದನ್ನು ಬಿಚ್ಚಿದ ಭಾಗದ ಮೇಲಿನ ಅಚ್ಚು ನೋಡಿ ಖಚಿತಪಡಿಸಿಕೊಳ್ಳಬಹುದು. ನಾನಂತೂ ಬಿಚ್ಚಿದ ಭಾಗವನ್ನು ಬಟ್ಟೆಯಿಂದ ಒರೆಸಿ ಫೋನಿನಲ್ಲಿ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗುತ್ತೇನೆ.

ಮೂರನೆಯ ಬಗೆ ಕಾರು ಕಾರ್ಖಾನೆಗೆ ಮಾಲು ಕೊಡದಿದ್ದರೂ ತಮ್ಮ ಹೆಸರಿನಲ್ಲೇ ಬಿಡಿಭಾಗ ಮಾಡಿ ಮಾರುವವರದು. ಇದರಲ್ಲಿ ಒಳ್ಳೆಯದೂ ಇದೆ, ಕಳಪೆಯೂ ಇದೆ. ನಾಲ್ಕನೆಯದು ನಕಲಿ, ಅಂದರೆ ಬೇರೆಯವರ ಹೆಸರು ಮತ್ತು ಪೆಟ್ಟಿಗೆಯನ್ನು ಕದ್ದು ಮಾಡಿದ್ದು. ಹೊರಗಿನ ಮಾಲೆಲ್ಲ ನಕಲಿ ಎಂಬ ಭಾವನೆ ಎಷ್ಟು ತಪ್ಪೋ, ಕಂಪನಿಯ ಪೆಟ್ಟಿಗೆ ಕಂಡ ಕೂಡಲೇ ಅದು ಅಸಲಿ ಎಂದು ನಂಬುವುದೂ ಅಷ್ಟೇ ತಪ್ಪು. ಹೆಚ್ಚು ಮಾರಾಟವಾಗುವ ಹೆಸರನ್ನೇ ನಕಲು ಮಾಡುವವರು ಆರಿಸಿಕೊಳ್ಳುತ್ತಾರೆ.

ಭಾಗ ಕೈಕೊಟ್ಟರೆ ಏನಾಗುತ್ತದೆ ಎಂದು ವಿಂಗಡಿಸಿ

ಏರ್‌ಬ್ಯಾಗ್ ಮತ್ತು ಅದರ ಸೆನ್ಸರುಗಳು, ಸೀಟ್ ಬೆಲ್ಟು, ಸ್ಟೀರಿಂಗ್ ರ್‍ಯಾಕ್, ಎಬಿಎಸ್ (ಬ್ರೇಕು ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ) ಘಟಕ ಇವುಗಳಲ್ಲಿ ಚೌಕಾಸಿಗೆ ಜಾಗವಿಲ್ಲ. ಏರ್‌ಬ್ಯಾಗನ್ನು ಪರೀಕ್ಷಿಸಿ ನೋಡುವ ದಾರಿಯೇ ಇಲ್ಲ. ಕೆಲಸಕ್ಕೆ ಬರಬೇಕಾದ ಒಂದೇ ಕ್ಷಣದಲ್ಲಿ ಅದು ಸರಿಯಾಗಿರಬೇಕು. ಇವುಗಳನ್ನು ಕಂಪನಿಯ ಪೆಟ್ಟಿಗೆಯಲ್ಲಿ, ಅಧಿಕೃತ ಅಂಗಡಿಯಲ್ಲಿಯೇ ಕೊಳ್ಳಬೇಕು. ಹಳೆಯ ಗಾಡಿಯಿಂದ ಬಿಚ್ಚಿದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು.

ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸಿ ತಿರುಗಿಸುವ ಟೈಮಿಂಗ್ ಬೆಲ್ಟಿನದು ಇನ್ನೊಂದು ಬಗೆಯ ಲೆಕ್ಕ. ಬೆಲ್ಟು ತುಂಡಾದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನನ್ನೇ ಬಿಚ್ಚಬೇಕಾಗುತ್ತದೆ. ಆದ್ದರಿಂದ ಬೆಲ್ಟು, ಅದನ್ನು ಬಿಗಿಯಾಗಿಡುವ ಮತ್ತು ಅದರ ದಾರಿ ತಿದ್ದುವ ಉರುಳೆಗಳಾದ ಟೆನ್ಷನರ್, ಐಡ್ಲರ್‌ಗಳನ್ನು ಒಂದೇ ಕಿಟ್ಟಾಗಿ, ಕಂಪನಿಯದು ಅಥವಾ ಕಾರ್ಖಾನೆಗೆ ಮಾಲು ಕೊಡುವ ತಯಾರಕರದು ಎಂದು ನೋಡಿ ಹಾಕಿಸಬೇಕು. ಕ್ಲಚ್ಚಿನಲ್ಲೂ ಯೋಚನೆ ಹೀಗೆಯೇ ಸಾಗಬೇಕು: ಕ್ಲಚ್ ಪ್ಲೇಟಿನಲ್ಲಿ ಉಳಿಸಿದ ಹಣಕ್ಕಿಂತ ಗೇರ್ ಬಾಕ್ಸ್ ಇಳಿಸಿ ಏರಿಸುವ ಕೂಲಿಯೇ ದೊಡ್ಡದು. ಅಗ್ಗದ ಪ್ಲೇಟು ಒಂದು ವರ್ಷದಲ್ಲಿ ಸವೆದರೆ ಆ ಕೂಲಿಯನ್ನು ಎರಡನೆಯ ಸಲ ತೆರಬೇಕಾಗುತ್ತದೆ. ಇಳಿಸಲು ಹೆಚ್ಚು ಹೊತ್ತು ಹಿಡಿಯುವ ಯಾವ ಭಾಗಕ್ಕೂ ಈ ಮಾತು ಸಲ್ಲುತ್ತದೆ.

ಬ್ರೇಕ್ ಪ್ಯಾಡುಗಳಲ್ಲಿ ಹೆಸರಾಂತ ಪೂರೈಕೆದಾರರದನ್ನು ಧೈರ್ಯವಾಗಿ ಹಾಕಿಸಬಹುದು. ತಯಾರಕರ ಹೆಸರೇ ಇಲ್ಲದ ಪ್ಯಾಡು ನಗರದ ಟ್ರಾಫಿಕ್ಕಿನಲ್ಲಿ ಚೆನ್ನಾಗಿಯೇ ಹಿಡಿಯಬಹುದು; ಅದರ ನಿಜವಾದ ಬಣ್ಣ ತಿಳಿಯುವುದು ಖಂಡಾಲ ಘಾಟಿಯ ಉದ್ದನೆಯ ಇಳಿಜಾರಿನಲ್ಲಿ, ಬಿಸಿಯೇರಿದ ಮೇಲೆ. ಬ್ರೇಕ್ ಆಯಿಲ್ ವಿಷಯದಲ್ಲಿ ಬ್ರ್ಯಾಂಡಿಗಿಂತ ದರ್ಜೆ ಮುಖ್ಯ. ಕಂಪನಿ ಡಾಟ್ 4 ಹೇಳಿದ್ದರೆ ಡಾಟ್ 3 ಹಾಕಬಾರದು; ಹೊಸದಾಗಿರುವಾಗ ಡಾಟ್ 3ರ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದು 230. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಕುದಿಬಿಂದು ಇಳಿಯುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ತೆರೆದು ಅರ್ಧ ಉಳಿಸಿದ ಡಬ್ಬಿಯನ್ನು ಮುಂದಿನ ಸರ್ವಿಸಿಗೆ ಬಳಸಲು ಬಿಡಬೇಡಿ.

ಏರ್ ಫಿಲ್ಟರ್, ಎಸಿಯ ಕ್ಯಾಬಿನ್ ಫಿಲ್ಟರ್, ವೈಪರ್ ಬ್ಲೇಡ್ ಇವುಗಳಿಗೆ ಒಳ್ಳೆಯ ಹೊರಗಿನ ಮಾಲು ಸಾಕು. ಆಯಿಲ್ ಫಿಲ್ಟರಿನಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಅದು ಬರೀ ಕಾಗದದ ಸುರುಳಿಯಲ್ಲ. ಹಲವು ಫಿಲ್ಟರುಗಳ ಒಳಗೆ ಎಂಜಿನ್ ನಿಂತಾಗ ಆಯಿಲ್ ಕೆಳಗೆ ಹರಿದುಹೋಗದಂತೆ ತಡೆಯುವ ರಬ್ಬರ್ ವಾಲ್ವೂ, ಫಿಲ್ಟರು ಕಟ್ಟಿಕೊಂಡರೆ ಆಯಿಲಿಗೆ ದಾರಿ ಬಿಡುವ ಇನ್ನೊಂದು ವಾಲ್ವೂ ಇರುತ್ತವೆ. ನಕಲಿ ಮಾಡುವವರು ಉಳಿತಾಯ ಮಾಡುವುದು ಇಂಥ, ಹೊರಗೆ ಕಾಣದ ಕಡೆಯಲ್ಲೇ.

ಟೈರು ಮತ್ತು ಬ್ಯಾಟರಿಯಲ್ಲಿ ಈ ಚರ್ಚೆಯೇ ಬೇಕಿಲ್ಲ. ಅವು ಟೈರು, ಬ್ಯಾಟರಿ ಕಂಪನಿಗಳ ಹೆಸರಿನಲ್ಲೇ ಸಿಗುತ್ತವೆ. ಟೈರಿನ ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಯ ಸಂಖ್ಯೆ ನೋಡಿ: 2325 ಎಂದಿದ್ದರೆ ಅದು 2025ರ 23ನೇ ವಾರ ತಯಾರಾದದ್ದು.

ಸಸ್ಪೆನ್ಷನ್ ಭಾಗಗಳ ಬಗ್ಗೆ ನನ್ನ ಅನುಭವ ಹೇಳಬೇಕು. ಒಂದು ವರ್ಷ ಮೇ ತಿಂಗಳಲ್ಲಿ ಪರಿಚಯದ ಗ್ಯಾರೇಜೊಂದರಲ್ಲಿ ಮುಂದಿನ ಎರಡೂ ಲಿಂಕ್ ರಾಡುಗಳನ್ನು ಹೊರಗಿನವು ಎಂದು ಹಾಕಿಸಿದೆ. ಯಾರು ತಯಾರಿಸಿದ್ದು ಎಂದು ಕೇಳಲಿಲ್ಲ, ಪೆಟ್ಟಿಗೆಯನ್ನೂ ನೋಡಲಿಲ್ಲ. ಗಣೇಶ ಚತುರ್ಥಿಯ ಹೊತ್ತಿಗೆ ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿ ಹರಿದು, ಒಳಗೆ ನೀರು ಮರಳು ಸೇರಿ, ಹಳೆಯ ಸದ್ದು ಹಾಗೆಯೇ ಹಿಂದಿರುಗಿತು. ಮತ್ತೆ ಹಾಕಿಸಿದ ಜೋಡಿ ಹೆಸರುಳ್ಳ ತಯಾರಕರದು, ಅದೂ ಕಂಪನಿಯದಲ್ಲ. ಮೂರು ಮಳೆಗಾಲ ಕಳೆದರೂ ತೆಪ್ಪಗಿದೆ.

ಬಾಡಿಯ ಭಾಗಗಳಲ್ಲಿ ಹೊರಗಿನ ಬಂಪರು ಬಣ್ಣ ಬಳಿದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಸಮಸ್ಯೆ ಎದುರಾಗುವುದು ಬಾನೆಟ್, ಫೆಂಡರಿನಂಥ ತಗಡಿನ ಭಾಗಗಳಲ್ಲಿ: ಸಂದು ಸರಿಯಾಗಿ ಕೂರದಿರಬಹುದು, ಕಾರ್ಖಾನೆಯ ತುಕ್ಕು ನಿರೋಧಕ ಲೇಪ ಇರದೆ ಸಮುದ್ರದ ಉಪ್ಪುಗಾಳಿಗೆ ಎರಡೇ ವರ್ಷದಲ್ಲಿ ಗುಳ್ಳೆ ಏಳಬಹುದು. ಕುರ್ಲಾದ ಸಿಎಸ್‌ಟಿ ರಸ್ತೆಯಂಥ ಕಡೆ ಸಿಗುವ ಹಳೆಯ ಗಾಡಿಯ ಅಸಲಿ ಬಾಗಿಲೋ ಫೆಂಡರೋ, ಬಿಲ್ಲು ಕೊಡುವವರ ಬಳಿ ಸಿಕ್ಕರೆ, ಹೊಸ ಅಗ್ಗದ ತಗಡಿಗಿಂತ ಉತ್ತಮ ಎಂಬುದು ನನ್ನ ಅಭಿಪ್ರಾಯ. ಬಿಲ್ಲಿಲ್ಲದ ಹಳೆಯ ಮಾಲು ಕಳವಿನದೂ ಆಗಿರಬಹುದಾದ್ದರಿಂದ ಅದನ್ನು ಬಿಟ್ಟುಬಿಡಿ. ಹೆಡ್‌ಲೈಟಿನಲ್ಲಿ ಗಾಜಿನ ಹೊಳಪಿಗಿಂತ ಬೆಳಕು ಬೀಳುವ ರೀತಿಯನ್ನು ರಾತ್ರಿ ಗೋಡೆಯ ಮುಂದೆ ನಿಲ್ಲಿಸಿ ನೋಡಬೇಕು. ಹಲವು ಹೆಡ್‌ಲೈಟುಗಳಲ್ಲಿರುವ ಎಚ್4 ಬಲ್ಬಿನ ಸಾಮಾನ್ಯ ಶಕ್ತಿ (ಹೈ ಬೀಮ್/ಲೋ ಬೀಮ್) 60/55 ವ್ಯಾಟ್. ಅದರ ಬದಲು 100/90 ಹಾಕಿದರೆ ಹೋಲ್ಡರೂ ವೈರಿಂಗೂ ಕರಗುವ ಅಪಾಯವಿದೆ.

ವಾರಂಟಿ ಮತ್ತು ವಿಮೆಯ ಕಾಗದ ಓದಿ

ಗಾಡಿ ವಾರಂಟಿಯಲ್ಲಿದ್ದರೆ ಹೊರಗೆ ಏನು ಮಾಡಿಸಿದರೂ ವಾರಂಟಿ ಹೋಗುತ್ತದೆ ಎಂಬ ಮಾತನ್ನು ಸರ್ವಿಸ್ ಸೆಂಟರುಗಳಲ್ಲಿ ಕೇಳುತ್ತೇವೆ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಹೊರಗೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದೆಂದೂ ಹೇಳಿತ್ತು. ಪ್ರಕರಣ ಮೇಲ್ಮನವಿಗೂ ಹೋಯಿತು. ಇಷ್ಟಾದರೂ ವಾದ ಮಾಡುತ್ತ ಕೂರುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲವಾದ್ದರಿಂದ, ವಾರಂಟಿ ಇರುವಷ್ಟು ಕಾಲ ಎಂಜಿನ್, ಗೇರ್ ಬಾಕ್ಸ್, ವಿದ್ಯುತ್ ವ್ಯವಸ್ಥೆಗೆ ಸಂಬಂಧಿಸಿದ್ದನ್ನು ಕಂಪನಿಯ ಕಡೆಯೇ ಮಾಡಿಸುವುದು ಕ್ಷೇಮ.

ಅಪಘಾತದ ದುರಸ್ತಿಯಾದರೆ ವಿಮೆಯವರು ಭಾಗದ ಪೂರ್ತಿ ಬೆಲೆ ಕೊಡುವುದಿಲ್ಲ. ಝೀರೋ ಡೆಪ್ (ಭಾಗಗಳ ಸವಕಳಿಗೆ ಹಣ ಕಡಿತ ಮಾಡದಿರುವ ಹೆಚ್ಚುವರಿ ರಕ್ಷಣೆ) ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು, ಬ್ಯಾಟರಿ, ಏರ್‌ಬ್ಯಾಗ್ ಇವುಗಳ ಮೇಲೆ ಶೇ 50, ಫೈಬರ್‌ಗ್ಲಾಸಿನ ಮೇಲೆ ಶೇ 30 ಕಡಿತವಿರುತ್ತದೆ, ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸು ಆರು ತಿಂಗಳು ದಾಟಿದ ಮೇಲೆ ಶೇ 5ರಿಂದ ಶುರುವಾಗಿ, ಐದರಿಂದ ಹತ್ತು ವರ್ಷದ ಗಾಡಿಗೆ ಶೇ 40, ಹತ್ತು ದಾಟಿದರೆ ಶೇ 50 ಆಗುತ್ತದೆ. ಹಾಗಾಗಿ ಆರು ವರ್ಷದ ಕಾರಿಗೆ 10,000 ರೂಪಾಯಿಯ ಪ್ಲಾಸ್ಟಿಕ್ ಬಂಪರ್ ಹಾಕಿಸಿದರೆ ಅದರಲ್ಲಿ 5,000 ನಿಮ್ಮ ಜೇಬಿನದು. ಹಾನಿ ಅಂದಾಜು ಮಾಡುವ ವಿಮೆಯ ಸರ್ವೆಯರ್ ಬಂದು ನೋಡುವ ಮೊದಲು ಭಾಗ ಬದಲಿಸಬಾರದು, ಅವರು ಒಪ್ಪಿದ್ದು ಕಂಪನಿಯ ಭಾಗಕ್ಕೋ ಹೊರಗಿನದಕ್ಕೋ ಎಂದು ಅಂದಾಜುಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಬೆಲೆ ಹೋಲಿಸಿ, ಬಿಲ್ಲು ಕೇಳಿ

ಬೆಲೆ ಹೋಲಿಸುವಾಗ ತೆರಿಗೆ ಸೇರಿದ್ದಕ್ಕೆ ತೆರಿಗೆ ಸೇರಿದ್ದನ್ನೇ ಹೋಲಿಸಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಏಕರೂಪವಾಗಿ ಶೇ 18 ಆಗಿದೆ. ಮೊದಲು ಹಲವಕ್ಕೆ ಶೇ 28 ಇತ್ತು. ಹಳೆಯ ಎಂಆರ್‌ಪಿ ಮುದ್ರಿಸಿದ ಪೆಟ್ಟಿಗೆ ತೋರಿಸಿ ಹಳೆಯ ದರವನ್ನೇ ಕೇಳಿದರೆ ಈ ವಿಷಯ ನೆನಪಿಸಬಹುದು.

ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಎಂಆರ್‌ಪಿ, ಗ್ರಾಹಕರ ದೂರಿಗೆ ಸಂಪರ್ಕ ಇರಬೇಕು. ಆಮದಾದ ಮಾಲಾದರೆ ಆಮದುದಾರರ ಹೆಸರೂ ತಯಾರಾದ ದೇಶವೂ ಇರಬೇಕು. ಅಕ್ಷರ ತಪ್ಪಿದ ಹೆಸರು, ಮಸುಕಾದ ಅಚ್ಚು, ಒಳಗಿನ ಭಾಗದ ಮೇಲೆ ಇಲ್ಲದ ಅಥವಾ ಪೆಟ್ಟಿಗೆಗೆ ತಾಳೆಯಾಗದ ಸಂಖ್ಯೆ ಕಂಡರೆ ಅಲ್ಲಿಂದ ಹೊರಡಿ. ಹಲವು ಕಂಪನಿಗಳ ಪೆಟ್ಟಿಗೆಯಲ್ಲಿ ಸ್ಕ್ಯಾನ್ ಮಾಡಿ ನೋಡುವ ಗುರುತು ಇರುತ್ತದೆ. ಅಂಗಡಿಯಲ್ಲೇ ನಿಂತು ನೋಡಲು ಸಂಕೋಚಪಡಬೇಕಾಗಿಲ್ಲ.

ಬಿಲ್ಲಿನಲ್ಲಿ 'ಬ್ರೇಕ್ ಪ್ಯಾಡ್ 1 ಸೆಟ್' ಎಂದಷ್ಟೇ ಬರೆದರೆ ಸಾಲದು. ತಯಾರಕರ ಹೆಸರು, ಪಾರ್ಟ್ ನಂಬರ್, ಜಿಎಸ್‌ಟಿ ಸಂಖ್ಯೆ ಮೂರೂ ಇರಬೇಕು. ಭಾಗ ಗ್ಯಾರೇಜಿನವರೇ ತರುವುದಾದರೂ ಅಂಗಡಿಯ ಬಿಲ್ಲನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಭಾಗ ನಕಲಿ ಎಂದು ತಿಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು. ಅಲ್ಲಿಯೂ ಮೊದಲು ಆಧಾರಕ್ಕೆ ಬೇಕಾಗುವುದು ಈ ಕಾಗದವೇ.

ಹಾಕಿಸುವ ದಿನ

ಸಾಧ್ಯವಾದರೆ ಪೆಟ್ಟಿಗೆ ನಿಮ್ಮ ಎದುರಿನಲ್ಲೇ ತೆರೆಯಲಿ. ಬ್ರೇಕ್ ಪ್ಯಾಡು, ಶಾಕ್ ಅಬ್ಸಾರ್ಬರು, ಲಿಂಕ್ ರಾಡುಗಳನ್ನು ಎಡಬಲ ಎರಡೂ ಕಡೆ ಒಂದೇ ತಯಾರಕರದನ್ನು ಜೋಡಿಯಾಗಿ ಹಾಕಿಸಿ. ಹೊಸ ಪ್ಯಾಡು ಹಾಕಿಸಿದ ಮೊದಲ ಕೆಲವು ದಿನ ಗಟ್ಟಿಯಾಗಿ ಬ್ರೇಕು ಒತ್ತದೆ ನಗರದಲ್ಲೇ ಓಡಿಸಿ, ಘಾಟಿಯ ಪ್ರಯಾಣವನ್ನು ಆಮೇಲೆ ಇಟ್ಟುಕೊಳ್ಳಿ. ಬಿಚ್ಚಿದ ಹಳೆಯ ಭಾಗವನ್ನು ಹೊಸ ಪೆಟ್ಟಿಗೆಯಲ್ಲೇ ಹಾಕಿ ಮನೆಗೆ ತನ್ನಿ, ಮುಂದಿನ ಸಲ ಅಂಗಡಿಗೆ ಹೋಗುವಾಗ ಅದರ ಮೇಲಿನ ಅಚ್ಚು ಉಪಯೋಗಕ್ಕೆ ಬರುತ್ತದೆ.