ಬಚ್ಚಲುಮನೆ ದಾರಿಯಲ್ಲಿ ಕಳೆದುಹೋದ 14 ವೋಲ್ಟ್

"ನೀರು ಕಾಯೋದೇ ಇಲ್ಲ ಕಣೋ, ಕಾಯಿಲ್ ಕೆಟ್ಟಿದೆ, ಬರ್ತಾ ಹೊಸದು ತಗೊಂಡ್ಬಾ" ಅಂತ ತಿಪಟೂರು ಕಡೆಯ ನಮ್ಮ ಸೋದರತ್ತೆ ಫೋನ್ ಮಾಡಿದ್ದರು. ನಾನು ಕಾಯಿಲ್ ತರಲಿಲ್ಲ, ಮೀಟರ್ ತಗೊಂಡು ಹೋದೆ.

ಕಾಯಿಲ್ ಮೇಲೆ 230 ವೋಲ್ಟ್, 1500 ವ್ಯಾಟ್ ಅಂತಿತ್ತು. ವೋಲ್ಟನ್ನು ವೋಲ್ಟಿಂದಲೇ ಗುಣಿಸಿ ವ್ಯಾಟಿಂದ ಭಾಗಿಸಿದರೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಎಷ್ಟು ಓಮ್ ಅಂತ ಸಿಗುತ್ತದೆ. 35.3 ಬಂತು. ಪ್ಲಗ್ ಕಿತ್ತು ಅದರ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದೆ, 35 ತೋರಿಸಿತು. ಅಂದ್ರೆ ಕಾಯಿಲ್ ಚೆನ್ನಾಗಿಯೇ ಇದೆ. (ಹಳೇ 60 ವ್ಯಾಟ್ ಬಲ್ಬಿಗೆ ಹೀಗೆ ಹಿಡಿದು ನೋಡಬೇಡಿ. ಉರಿಯುವಾಗ ಅದರದ್ದು 880 ಓಮ್ ಹತ್ತಿರ, ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗವೂ ಇರಲ್ಲ. ಕಾಯಿಲ್ ಒಳಗಿನ ನೈಕ್ರೋಮ್ ತಂತಿ ಕಾದರೂ ಅಷ್ಟು ಬದಲಾಗಲ್ಲ.)

ಆಮೇಲೆ ಕಾಯಿಲನ್ನು ಬಕೆಟ್ಟಿನಲ್ಲಿಟ್ಟು ಆನ್ ಮಾಡಿ ಅಳೆದೆ. ಕರೆಂಟ್ ಅಳೆಯೋಕೆ ವೈರಿನ ಸುತ್ತ ಕಚ್ಚಿಸುವ ಕ್ಲ್ಯಾಂಪ್ ಮೀಟರನ್ನು ಒಂದೇ ವೈರಿಗೆ ಹಾಕಬೇಕು. ಇಡೀ ಕೇಬಲ್ಲಿಗೆ ಹಾಕಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಅದಕ್ಕೇ ಮೂರೂ ವೈರು ಬಿಡಿಬಿಡಿಯಾಗಿರುವ ಎಕ್ಸ್‌ಟೆನ್ಶನ್ ಒಂದನ್ನು ಮಾಡಿಟ್ಟುಕೊಂಡಿದ್ದೇನೆ. ಬಚ್ಚಲುಮನೆ ಸಾಕೆಟ್ಟಿನಲ್ಲಿ 204 ವೋಲ್ಟ್, 5.8 ಆಂಪ್. ಗುಣಿಸಿದರೆ 1183 ವ್ಯಾಟ್. ಭಾಗಿಸಿದರೆ ಮತ್ತೆ ಅದೇ 35 ಓಮ್. ಫ್ಯಾನು, ಮೋಟಾರಿಗೆ ಇಷ್ಟು ಸಲೀಸಾಗಿ ಗುಣಿಸಿ ವ್ಯಾಟ್ ಹೇಳೋಕಾಗಲ್ಲ, ಅಲ್ಲಿ ಪವರ್ ಫ್ಯಾಕ್ಟರ್ (ಗುಣಿಸಿ ಬಂದದ್ದರಲ್ಲಿ ನಿಜಕ್ಕೂ ವ್ಯಾಟ್ ಆಗುವ ಪಾಲು) ಸೇರಿಕೊಳ್ಳುತ್ತದೆ.

ಕಾಯಿಲ್ ಉರಿಯುತ್ತಿರುವಾಗಲೇ ಮೇನ್ ಬೋರ್ಡಿಗೆ ಹೋಗಿ ನೋಡಿದೆ. 218 ವೋಲ್ಟ್! ಊರಿನ ಕರೆಂಟೇ ಕಮ್ಮಿ ಅಂತ ಅತ್ತೆ ಬೈಯುತ್ತಿದ್ದರು, ಆದರೆ ಬೋರ್ಡಿಂದ ಬಚ್ಚಲಿಗೆ ಬರುವಷ್ಟರಲ್ಲಿ 14 ವೋಲ್ಟ್ ಮನೆಯೊಳಗೇ ಹೋಗುತ್ತಿತ್ತು.

ಈ 14ನ್ನು 5.8ರಿಂದ ಭಾಗಿಸಿದರೆ 2.4 ಓಮ್. ಹಾಕಿದ್ದು 1 ಎಂಎಂ (ಅಂದ್ರೆ 1 ಚದರ ಮಿಲಿಮೀಟರ್) ತಾಮ್ರದ ವೈರು, ಒಂದು ಮೀಟರ್ ಉದ್ದಕ್ಕೆ ಸುಮಾರು 0.018 ಓಮ್. ದೂರ 20 ಮೀಟರ್, ಹೋಗಿ ಬರೋದು ಸೇರಿ 40. ಅದಕ್ಕೆ 0.72 ಓಮ್, ಅಂದ್ರೆ 4 ವೋಲ್ಟ್ ಚಿಲ್ಲರೆ ಲೆಕ್ಕಕ್ಕೆ ಸಿಕ್ಕಿತು. ಉಳಿದ ಹತ್ತತ್ತಿರ 10 ವೋಲ್ಟ್ ಎಲ್ಲಿ? 10 ವೋಲ್ಟನ್ನು 5.8 ಆಂಪಿಗೆ ಗುಣಿಸಿ, 58 ವ್ಯಾಟ್. ನಾನು ಬೆಸುಗೆಗೆ ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥ ಎರಡು ಐರನ್‌ಗಳಷ್ಟು ಶಾಖ ಗೋಡೆಯೊಳಗೆ ಎಲ್ಲೋ ಒಂದು ಕಡೆ ಹುಟ್ಟುತ್ತಿದೆ ಅಂತ ಅನ್ನಿಸಿದಾಗ ನಿಜಕ್ಕೂ ಹೆದರಿಕೆಯಾಯಿತು.

ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಂಡು, ನಡುಮನೆಯ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ಮುಚ್ಚಳ ಇನ್ನೂ ಬೆಚ್ಚಗಿತ್ತು. ನ್ಯೂಟ್ರಲ್ ವೈರನ್ನು (ಕರೆಂಟ್ ವಾಪಸ್ ಹೋಗುವ ವೈರು) ಸುಮ್ನೆ ಎರಡು ಸುತ್ತು ತಿರುಚಿ ಟೇಪ್ ಸುತ್ತಿದ್ದರು. ಟೇಪು ಕಂದುಬಣ್ಣಕ್ಕೆ ತಿರುಗಿ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು, ಒಳಗಿನ ತಾಮ್ರ ಕಪ್ಪಾಗಿತ್ತು. ಸುಟ್ಟಷ್ಟನ್ನೂ ಕತ್ತರಿಸಿ, ಹೊಸದಾಗಿ ಸುಲಿದು, ಸ್ಕ್ರೂ ಕನೆಕ್ಟರ್ ಹಾಕಿ ಬಿಗಿ ಮಾಡಿದೆ.

ಮತ್ತೆ ಆನ್ ಮಾಡಿದೆ. ಸಾಕೆಟ್ಟಿನಲ್ಲಿ 213 ವೋಲ್ಟ್, 6 ಆಂಪ್, 1278 ವ್ಯಾಟ್. ಒಂದು ಬಕೆಟ್ ನೀರು ಕಾಯುವವರೆಗೂ ಬಾಕ್ಸ್ ಮೇಲೆ ಆಗಾಗ ಕೈಯಿಟ್ಟು ನೋಡುತ್ತಿದ್ದೆ, ತಣ್ಣಗೇ ಇತ್ತು. ಆ ವೈರು ಲೈಟಿಗೆ ಅಂತ ಎಳೆದದ್ದು, ಕಾಯಿಲಿಗೆ ಸಾಲದು. ಮುಂದಿನ ಸಲ ಹೋದಾಗ 2.5 ಎಂಎಂ ವೈರು ಬೇರೆಯಾಗಿಯೇ ಎಳೆಯುತ್ತೇನೆ, ಆಗ ದಾರಿಯಲ್ಲಿ ಹೋಗೋದು 2 ವೋಲ್ಟಿಗಿಂತ ಕಮ್ಮಿ.